ಮಗ ಶಾಲೆಯಿಂದ ನಾರ್ವೆಯವರ ಜೋಕು ತಂದ. ಪಕ್ಕದ ದೇಶವನ್ನು ಆಡಿಕೊಂಡೇ ‘ನಾವು’ ಅನ್ನೋದನ್ನ ಕಲಿಯೋದಾ?

ಮಾಲ್ಮೋ_ಮಲ್ನಾಡು

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರದ ಹತ್ತಿರ. ಎಂಟು ವರ್ಷದಿಂದ ಸ್ವೀಡನ್‌ನ ಮಾಲ್ಮೋದಲ್ಲಿ ಮನೆ, ಕೆಲಸ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ದಿನಾ ಬೆಳಿಗ್ಗೆ ರೈಲಲ್ಲಿ ಓರೆಸುಂಡ್ ಸೇತುವೆ ದಾಟಿ ಹೋಗ್ತೀನಿ, ಸಂಜೆ ವಾಪಸ್. ಮುಕ್ಕಾಲು ಗಂಟೆಯೊಳಗೆ ದೇಶ ಬದಲಾಗುತ್ತೆ, ದುಡ್ಡು ಬದಲಾಗುತ್ತೆ, ಮಾತು ಬದಲಾಗುತ್ತೆ.

ಕಳೆದ ವಾರ ರಾತ್ರಿ ಊಟಕ್ಕೆ ಕೂತಿದ್ವಿ. ಎರಡನೇ ಕ್ಲಾಸಿನ ಮಗ ಅನ್ನ ಸಾರು ಕಲಸೋದನ್ನ ಅರ್ಧಕ್ಕೆ ಬಿಟ್ಟು ಕೇಳಿದ: “ಅಪ್ಪಾ, ನಾರ್ವೆಯವರು ಅಂಗಡಿಗೆ ಹೋಗುವಾಗ ಏಣಿ ಯಾಕೆ ತಗೊಂಡು ಹೋಗ್ತಾರೆ ಹೇಳು?” ಗೊತ್ತಿಲ್ಲ ಅಂದೆ. “ಅಲ್ಲಿ ಬೆಲೆ ತುಂಬಾ ಮೇಲಿರುತ್ತಲ್ಲ, ಅದಕ್ಕೆ!” ಅಂತ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಹೇಳಿದ ಮಾತು ಮಾತ್ರ ಇನ್ನೂ ತಲೆಯಲ್ಲೇ ಕೂತಿದೆ: “ಅವರು ಪೆದ್ದರು ಅಪ್ಪಾ. ನಾವು ಹಾಗಲ್ಲ.”

ಆ ‘ನಾವು’ ಯಾರು? ಇಲ್ಲೇ ಹುಟ್ಟಿದ ಹುಡುಗ ಆದರೂ ಇವತ್ತಿನ ತನಕ ಸ್ವೀಡನ್‌ನವರನ್ನ ‘ನಾವು’ ಅಂದಿದ್ದನ್ನ ನಾನು ಕೇಳಿರಲಿಲ್ಲ. ಬಾವುಟ ನೋಡಿದಾಗ ಬರದ ಮಾತು, ರಾಷ್ಟ್ರಗೀತೆ ಕಲಿತಾಗ ಬರದ ಮಾತು, ಪಕ್ಕದವರನ್ನ ನಗೆಪಾಟಲು ಮಾಡಿದಾಗ ತಾನಾಗಿ ಬಂತು.

ಮಾರನೇ ದಿನ ಆಫೀಸಿನಲ್ಲಿ ನನಗೇ ಹಾಗಾಯ್ತು. ಡೆನ್ಮಾರ್ಕಿನ ಸಹೋದ್ಯೋಗಿಯೊಬ್ಬ “ನಿಮ್ಮ ಕಡೆ ಎಲ್ಲದಕ್ಕೂ ನಿಷೇಧ, ಭಾನುವಾರ ಒಂದು ಬಾಟಲಿ ವೈನ್ ಕೂಡ ಸಿಗಲ್ಲ” ಅಂತ ಶುರು ಮಾಡಿದ. ನಾನು ಪಟ್ಟನೆ “ನಮ್ಮಲ್ಲಿ ಅದಕ್ಕೊಂದು ಕಾರಣ ಇದೆ” ಅಂದುಬಿಟ್ಟೆ. ನಮ್ಮಲ್ಲಿ! ಸಾಗರದಲ್ಲಿ ಹುಟ್ಟಿದವನು ನಾನು, ವೈನ್ ಮುಟ್ಟಿದವನೂ ಅಲ್ಲ.

ಬೇರೆ ದೇಶದಲ್ಲಿರೋರು ಹೇಳಿ. ಒಂದು ದೇಶದವರಿಗೆ ತಾವು ಯಾರು ಅಂತ ಗೊತ್ತಾಗೋದು ಪಕ್ಕದವರನ್ನ ಆಡಿಕೊಂಡೇನಾ? ನಿಮ್ಮ ಮಕ್ಕಳಿಗೂ ಹೀಗೇ ಆಗಿದೆಯಾ?

ಓಸ್ಲೋ ಕನ್ನಡತಿ

ಅಯ್ಯೋ, ಅದೇ ಏಣಿ ಜೋಕನ್ನ ನನ್ನ ಮಗಳು ಮೂರನೇ ಕ್ಲಾಸಿನಲ್ಲಿ ತಂದಿದ್ದಳು. ಏಣಿ ಹೊತ್ತವರು ಮಾತ್ರ ಸ್ವೀಡನ್‌ನವರು! ಒಂದಕ್ಷರ ವ್ಯತ್ಯಾಸ ಇಲ್ಲ. 1970ರ ದಶಕದಲ್ಲಿ ಈ ಜೋಕುಗಳ ಸುಗ್ಗಿಯೇ ಇತ್ತಂತೆ. ನಮ್ಮ ಪಕ್ಕದ ಮನೆ ಅಜ್ಜಿಗೆ ಇವತ್ತಿಗೂ ಇಪ್ಪತ್ತು ಮೂವತ್ತು ಬಾಯಿಪಾಠ.

ಇದಕ್ಕೊಂದು ಹಿನ್ನೆಲೆ ಇದೆ, ನೋಡಿ. ಆಗ ನಾರ್ವೆ ಅಂದ್ರೆ ಬಡ ಚಿಕ್ಕಪ್ಪನ ಮನೆ ಇದ್ದಹಾಗೆ. ಮೀನು, ಬೆಟ್ಟ, ಉಣ್ಣೆ ಸ್ವೆಟರ್. ಸ್ವೀಡನ್ ಹತ್ತಿರ ಕಾರ್ಖಾನೆ ಇತ್ತು, ವೋಲ್ವೋ ಇತ್ತು, ದುಡ್ಡಿತ್ತು. 1969ರಲ್ಲಿ ಉತ್ತರ ಸಮುದ್ರದ ಎಕೋಫಿಸ್ಕ್‌ನಲ್ಲಿ ಎಣ್ಣೆ ಸಿಕ್ಕ ಮೇಲೆ ನಿಧಾನಕ್ಕೆ ಚಕ್ರ ತಿರುಗಿತು. ನಾನು ಓಸ್ಲೋಗೆ ಬಂದಾಗ ಹೋಟೆಲಿನಲ್ಲಿ ತಟ್ಟೆ ಎತ್ತೋರು, ಕಾಫಿ ಅಂಗಡಿ ಕೌಂಟರ್‌ನಲ್ಲಿ ನಿಂತೋರು ಬಹುಪಾಲು ಸ್ವೀಡನ್‌ನಿಂದ ಬಂದ ಹುಡುಗ ಹುಡುಗಿಯರು. ಹಣ್ಣಿನ ಕಂಪನಿಯಲ್ಲಿ ದಿನವಿಡೀ ಬಾಳೆಹಣ್ಣು ಸುಲಿಯೋ ಕೆಲಸವನ್ನೂ ಅವರು ಮಾಡ್ತಿದ್ರು. ಕಟ್ಟುಕಥೆಯಲ್ಲ ಇದು, ಪತ್ರಿಕೆಗಳಲ್ಲಿ ಬಂದಿತ್ತು. ನಾರ್ವೆಯವರಿಗೆ ಆ ಸುದ್ದಿ ಓದಿ ಎಷ್ಟು ಖುಷಿಯಾಗಿತ್ತು ಅಂದ್ರೆ, ಇವತ್ತಿಗೂ ‘ಬಾಳೆಹಣ್ಣು ಸುಲಿಯೋ ಸ್ವೀಡನ್‌ನವರು’ ಅಂದ್ರೆ ಎಲ್ಲರ ಮುಖ ಅರಳುತ್ತೆ.

ಅಂದ್ರೆ ಹಣೆಪಟ್ಟಿ ಅನ್ನೋದು ಜನರ ಗುಣ ನೋಡಿ ಅಂಟೋದಲ್ಲ. ದುಡ್ಡು ಯಾವ ಕಡೆ ಹೋಯ್ತೋ ಪಟ್ಟಿ ಅದರ ಎದುರು ದಿಕ್ಕಿಗೆ ಹೋಗಿ ಅಂಟಿಕೊಳ್ಳುತ್ತೆ.

ಪ್ರಶ್ನಾರ್ಥಕ

ಎಂಟು ವರ್ಷದ ಮಗು ಒಂದು ಜೋಕು ಹೇಳಿದೆ, ಅಷ್ಟೇ. ಅದಕ್ಕೆ ಇಷ್ಟು ದೊಡ್ಡ ವ್ಯಾಖ್ಯಾನ ಬೇಕಾ? ‘ನಾವು’ ಬರೋದು ಭಾಷೆಯಿಂದ, ಶಾಲೆಯಿಂದ, ಆಡೋ ಬೀದಿಯಿಂದ. ಜೋಕು ಅದಕ್ಕೆ ಒಗ್ಗರಣೆ. ಒಗ್ಗರಣೆಯನ್ನೇ ಸಾರು ಅನ್ನಬೇಡಿ.

ಹಳೇ ಮೇಷ್ಟ್ರು

ಮೈಸೂರಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಪ್ರಶ್ನಾರ್ಥಕರ ಮಾತನ್ನು ಒಪ್ಪುವುದು ಕಷ್ಟ. ಈ ಮೂರು ದೇಶಗಳ ವಿಷಯದಲ್ಲಿ ಪಕ್ಕದವರೇ ಸಾರು.

ಇವರ ಭಾಷೆಗಳು ಪರಸ್ಪರ ತಿಳಿಯುವಷ್ಟು ಹತ್ತಿರ. ಮತ ಒಂದೇ, ಲುಥೆರನ್. ಬಾವುಟದಲ್ಲಿ ಒಂದೇ ಬಗೆಯ ಶಿಲುಬೆ, ಬಣ್ಣ ಮಾತ್ರ ಬೇರೆ. 1397ರಿಂದ 1523ರವರೆಗೆ ಕಲ್ಮಾರ್ ಒಕ್ಕೂಟವೆಂದು ಒಂದೇ ಕಿರೀಟದಡಿ ಇದ್ದವರು, ನಡುನಡುವೆ ಜಗಳವಾಡುತ್ತ. ಇಷ್ಟು ಹೋಲುವವರು ‘ನಾವು ಬೇರೆ’ ಎಂದು ಹೇಳಬೇಕಾದರೆ ಏನನ್ನು ತೋರಿಸಬೇಕು? ಚಿಕ್ಕ ಚಿಕ್ಕ ವ್ಯತ್ಯಾಸಗಳನ್ನೇ ಹಿಗ್ಗಿಸಿ ತೋರಿಸಬೇಕು. ಫ್ರಾಯ್ಡ್ ಇದನ್ನೇ ಸಣ್ಣ ವ್ಯತ್ಯಾಸಗಳ ಆತ್ಮರತಿ ಎಂದು ಕರೆದ.

ನವೆಂಬರ್ 1520ರಲ್ಲಿ ಡೆನ್ಮಾರ್ಕಿನ ದೊರೆ ಎರಡನೇ ಕ್ರಿಶ್ಚಿಯನ್ ಸ್ಟಾಕ್‌ಹೋಮ್‌ನಲ್ಲಿ ಎಂಬತ್ತಕ್ಕೂ ಹೆಚ್ಚು ಜನರ ತಲೆ ತೆಗೆಸಿದ. ಸ್ವೀಡನ್ನಿನಲ್ಲಿ ಅವನಿಗೆ ‘ಕ್ರೂರಿ ಕ್ರಿಶ್ಚಿಯನ್’ ಎಂದು ಹೆಸರು. ಡೆನ್ಮಾರ್ಕಿನಲ್ಲಿ ಅದೇ ದೊರೆಗೆ ‘ಒಳ್ಳೆಯ ಕ್ರಿಶ್ಚಿಯನ್’ ಎನ್ನುತ್ತಾರೆ. ಒಬ್ಬನೇ ಮನುಷ್ಯ, ಎರಡು ಪಠ್ಯಪುಸ್ತಕ. ಇನ್ನೇನು ಸಾಕ್ಷಿ ಬೇಕು?

ಕೋಪನ್‌ಹೇಗನ್ ಸೈಕಲ್

ಮೇಷ್ಟ್ರೇ, ದಯವಿಟ್ಟು ತಪ್ಪು ತಿಳೀಬೇಡಿ. ಡೆನ್ಮಾರ್ಕಿನಲ್ಲಿ ಅವನನ್ನ ಯಾರೂ ‘ಒಳ್ಳೆಯ ಕ್ರಿಶ್ಚಿಯನ್’ ಅನ್ನಲ್ಲ. ಇಲ್ಲಿ ಹದಿನಾಲ್ಕು ವರ್ಷದಿಂದ ಇದೀನಿ, ಇಬ್ಬರು ಮಕ್ಕಳು ಡೇನಿಷ್ ಶಾಲೆಯಲ್ಲೇ ಓದಿದ್ದು. ಸ್ವೀಡನ್‌ನವರು ಮಾತ್ರ “ಡೇನರು ಅವನನ್ನ ಒಳ್ಳೆಯವನು ಅಂತಾರಂತೆ” ಅಂತ ನಂಬಿಕೊಂಡಿದ್ದಾರೆ. ಡೇನರೇ ಅವನನ್ನ 1523ರಲ್ಲಿ ಪಟ್ಟದಿಂದ ಇಳಿಸಿದ್ರು. ಆಮೇಲೆ ಹಿಡಿದು ಸೆರೆಗೆ ಹಾಕಿದ್ರು, 1559ರಲ್ಲಿ ಸೆರೆಯಲ್ಲೇ ಸತ್ತ. ಒಳ್ಳೆಯವನು ಅಂತ ಹೊಗಳಿಸಿಕೊಂಡ ದೊರೆಗೆ ಆಗೋ ಗತಿಯಾ ಇದು?

ನನಗೆ ಇದರಲ್ಲಿ ಕುತೂಹಲ ಹುಟ್ಟಿಸೋದು ಇನ್ನೊಂದು ಸಂಗತಿ. ಪಕ್ಕದವರು ಹೇಗಿದ್ದಾರೆ ಅನ್ನೋದಕ್ಕೆ ಕಥೆ ಕಟ್ಟೋದು ಒಂದು. ಪಕ್ಕದವರು ನಮ್ಮ ಇತಿಹಾಸವನ್ನ ಹೇಗೆ ತಿರುಚ್ತಾರೆ ಅನ್ನೋದಕ್ಕೂ ಕಥೆ ಕಟ್ಟೋದು ಇನ್ನೊಂದು. ಅವನು ಕೊಲೆಗಡುಕನನ್ನೇ ಒಳ್ಳೆಯವನು ಅಂತಾನೆ ಅಂದ್ರೆ, ಸತ್ಯ ನಮ್ಮ ಕಡೆ ಇದೆ ಅಂತ ತಾನೇ ಅರ್ಥ.

ಹಳೇ ಮೇಷ್ಟ್ರು

ತಿದ್ದಿದ್ದಕ್ಕೆ ಧನ್ಯವಾದ. ಇದನ್ನು ಎಷ್ಟೋ ವರ್ಷ ತರಗತಿಯಲ್ಲೂ ಹೇಳಿದ್ದೇನೆ, ಬೇಸರವಾಗುತ್ತಿದೆ. ಹಳೆಯ ವಿದ್ಯಾರ್ಥಿಗಳು ಇಲ್ಲಿ ಇದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಬೆಳ್ಳುಳ್ಳಿ ಒಗ್ಗರಣೆ

ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಸಾಕು, ದಾಯಾದಿ ಮತ್ಸರ.

ಹುಬ್ಬಳ್ಳಿ ಹುಡುಗ

ದಾಯಾದಿ ಅಂದದ್ದು ಬರೋಬ್ಬರಿ ಐತಿ ನೋಡ್ರಿ. ಬೆಂಗಳೂರಿಗೆ ಬಂದ ಹೊಸದರಾಗ ನಾ ‘ಹೌದ್ರಿ’ ಅಂದ್ರ ಸಾಕು, ಆಫೀಸಿನ್ಯಾಗ ಎಲ್ಲಾರೂ ನಗತಿದ್ರು. ನಮ್ಮದು ಒರಟು ಅಂತ. ಊರಿಗೆ ಹೋದಾಗ ನಾನೂ ಬಿಟ್ಟಿಲ್ಲ, ‘ಆ ಕಡೆ ಮಂದಿ ಬಾಯಾಗ ಬೆಲ್ಲ, ಒಂದು ಕಪ್ ಚಾ ಕುಡಿಸಾಕ ಹತ್ತು ಸಲ ಯೋಚನಿ ಮಾಡ್ತಾರ’ ಅಂತ ಹೇಳೇನಿ. ಅಲ್ಲಿ ಇದ್ದಾಗ ನನಗ ಊಟ ಹಾಕಿದಾಕಿ ಮಂಡ್ಯದ ಮನಿ ಮಾಲಕಿನ. ಈಗ ನೆನಸಿಕೊಂಡ್ರ ಹಂಗ ಅನಬಾರದಿತ್ತು ಅನಸ್ತದ.

ಪ್ರಶ್ನಾರ್ಥಕ

ಹುಬ್ಬಳ್ಳಿ ಹುಡುಗ, ಅದು ಒಂದೇ ನಾಡಿನ ಒಳಗಿನ ಮಾತು. ದೇಶ ದೇಶದ ನಡುವೆ ಅಂದ್ರೆ ಸೈನ್ಯ, ಗಡಿ, ಪಾಸ್‌ಪೋರ್ಟು ಎಲ್ಲ ಬರುತ್ತೆ. ಎರಡನ್ನ ಕಲಸಬೇಡಿ.

ಮಾಲ್ಮೋ_ಮಲ್ನಾಡು

@ಪ್ರಶ್ನಾರ್ಥಕ, ಅವರು ಕಲಸಿದ್ದರಲ್ಲಿ ತಪ್ಪಿಲ್ಲ. ನಾನಿರೋ ಜಾಗವೇ ಅಂಥದ್ದು. ಮಾಲ್ಮೋ ಇರೋ ಸ್ಕೋನೆ ಪ್ರಾಂತ್ಯ 1658ರ ತನಕ ಡೆನ್ಮಾರ್ಕಿನದು. ರೋಸ್ಕಿಲ್ಡೆ ಒಪ್ಪಂದದಲ್ಲಿ ಸ್ವೀಡನ್ ಪಾಲಾಯ್ತು. ಇಲ್ಲಿನವರನ್ನ ಸ್ವೀಡಿಷ್ ಮಾಡೋದಕ್ಕೆ ಅಂತಲೇ 1666ರಲ್ಲಿ ಲುಂಡ್‌ನಲ್ಲಿ ವಿಶ್ವವಿದ್ಯಾಲಯ ಶುರು ಮಾಡಿದ್ರು. ಮೂರೂವರೆ ಶತಮಾನ ಆದರೂ ಇಲ್ಲಿನವರು ‘ರ’ಕಾರವನ್ನ ಡೇನರ ಥರ ಗಂಟಲಲ್ಲೇ ಹೊರಳಿಸ್ತಾರೆ. ಸ್ಟಾಕ್‌ಹೋಮ್‌ನವರಿಗೆ ಅದು ಕೇಳಿದ್ರೆ ಸಾಕು, ‘ಅರ್ಧ ಡೇನರು’ ಅಂತಾರೆ. ಒಳಗಿನ ಗಡಿ ಯಾವುದು, ಹೊರಗಿನದು ಯಾವುದು ಹೇಳಿ?

ಮಾತಿನ ವಿಷಯ ಬಂದಿದ್ದಕ್ಕೆ ಇನ್ನೊಂದು. ‘ಡೇನರು ಗಂಟಲಲ್ಲಿ ಗಂಜಿ ಇಟ್ಟುಕೊಂಡು ಮಾತಾಡ್ತಾರೆ’ ಅನ್ನೋದು ಸ್ವೀಡನ್‌ನಲ್ಲಿ ಮಕ್ಕಳಿಗೂ ಗೊತ್ತಿರೋ ಮಾತು. ಆಫೀಸಿನ ಮೊದಲ ವಾರ ನನಗೆ ‘ಫ್ರೊಕೊಸ್ಟ್‌ಗೆ ಬಾ’ ಅಂದ್ರು. ಸ್ವೀಡಿಷ್‌ನಲ್ಲಿ ‘ಫ್ರುಕೊಸ್ಟ್’ ಅಂದ್ರೆ ಬೆಳಗಿನ ತಿಂಡಿ. ಬೆಳಿಗ್ಗೆ ಏಳೂವರೆಗೆ ಹೋಗಿ ಕ್ಯಾಂಟೀನ್ ಬಾಗಿಲ ಮುಂದೆ ನಿಂತೆ. ನೆಲ ಒರೆಸ್ತಾ ಇದ್ದ ಹೆಂಗಸು ಬಿಟ್ಟರೆ ಯಾರೂ ಇಲ್ಲ. ಡೇನಿಷ್‌ನಲ್ಲಿ ಅದು ಮಧ್ಯಾಹ್ನದ ಊಟ. ‘ರೂಲಿಗ್’ ಅಂದ್ರೆ ಸ್ವೀಡಿಷ್‌ನಲ್ಲಿ ಮಜವಾದದ್ದು, ಡೇನಿಷ್‌ನಲ್ಲಿ ಅದೇ ಅಕ್ಷರದ ಪದಕ್ಕೆ ಶಾಂತ ಅಂತ ಅರ್ಥ. ಒಬ್ಬರಿಗೊಬ್ಬರು ಅರ್ಥ ಆಗ್ತೀವಿ ಅಂದುಕೊಂಡು ಮಾತಾಡ್ತಾರಲ್ಲ, ಮನಸ್ತಾಪ ಹುಟ್ಟೋದು ಅಲ್ಲೇ.

ಓಸ್ಲೋ ಕನ್ನಡತಿ

ನಾರ್ವೇಜಿಯನ್‌ನಲ್ಲಿ ‘ಫ್ರೊಕೊಸ್ಟ್’ ಬರೆಯೋದು ಡೇನರ ಹಾಗೆ, ತಿನ್ನೋದು ಸ್ವೀಡನ್‌ನವರ ಹಾಗೆ ಬೆಳಿಗ್ಗೆ. ನಾಲ್ಕು ಶತಮಾನ ಡೆನ್ಮಾರ್ಕಿನ ಕೈಕೆಳಗೆ ಇದ್ದು ಬರವಣಿಗೆಯೆಲ್ಲ ಡೇನಿಷ್ ಆಗಿಹೋಗಿತ್ತು. 19ನೇ ಶತಮಾನದಲ್ಲಿ ಈವರ್ ಓಸೆನ್ ಅನ್ನೋರು ಹಳ್ಳಿ ಹಳ್ಳಿ ತಿರುಗಿ ಜನರ ಆಡುಮಾತು ಕೂಡಿಸಿ ಒಂದು ಹೊಸ ಬರಹದ ಭಾಷೆಯನ್ನೇ ಕಟ್ಟಿದ್ರು. ಈಗ ಅದಕ್ಕೆ ನ್ಯೂನೋಶ್ಕ್ ಅಂತಾರೆ. ಡೇನಿಷ್ ವಾಸನೆ ಇರೋ ಇನ್ನೊಂದು ಬೂಕ್‌ಮೋಲ್. ಮಕ್ಕಳು ಶಾಲೆಯಲ್ಲಿ ಎರಡನ್ನೂ ಕಲೀಬೇಕು. ಐವತ್ತೈದು ಲಕ್ಷ ಚಿಲ್ಲರೆ ಜನಕ್ಕೆ ಎರಡು ಬರಹ! ಪಕ್ಕದವರಿಂದ ಬೇರೆ ಆಗೋ ಹಟ ಎಲ್ಲಿ ತನಕ ಹೋಗುತ್ತೆ ನೋಡಿ. ನನಗೆ ಆ ಹಟದ ಮೇಲೆ ಗೌರವ ಇದೆ, ಕನ್ನಡದವಳಾಗಿ ಇನ್ನೂ ಜಾಸ್ತಿ.

ಹೆಲ್ಸಿಂಕಿ ಚಳಿ

ಫಿನ್ಲೆಂಡನ್ನ ಎಲ್ಲರೂ ಮರೆತಿರಲ್ಲ? ಇಲ್ಲಿ ಒಂದು ಹಳೆಯ ಮಾತಿದೆ: “ಸ್ವೀಡನ್‌ನವರಾಗಿ ನಾವು ಉಳಿದಿಲ್ಲ, ರಷ್ಯದವರಾಗೋಕೆ ಮನಸ್ಸಿಲ್ಲ, ಹಾಗಾಗಿ ಫಿನ್ನರೇ ಆಗೋಣ.” 1809ರ ತನಕ ಸ್ವೀಡನ್ ಆಳಿತು, ಆಮೇಲೆ 1917ರ ತನಕ ರಷ್ಯದ ಚಕ್ರವರ್ತಿಗಳು. ಎರಡೂ ಕಡೆ ‘ಅಲ್ಲ, ಅಲ್ಲ’ ಅಂತ ಹೇಳಿಕೊಂಡೇ ಹುಟ್ಟಿದ ದೇಶ ಇದು. ಮೂಲ ಪೋಸ್ಟಿನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಸಿಗಲ್ಲ.

1960, 70ರ ದಶಕದಲ್ಲಿ ಲಕ್ಷಗಟ್ಟಲೆ ಫಿನ್ನರು ಸ್ವೀಡನ್ ಕಾರ್ಖಾನೆಗಳಿಗೆ ದುಡಿಯೋಕೆ ಹೋದ್ರು. ಮಾತಾಡಲ್ಲ, ಕುಡೀತಾನೆ, ಸೊಂಟದಲ್ಲಿ ಚಾಕು ಇಟ್ಟಿರ್ತಾನೆ ಅಂತ ಅವರಿಗೆ ಹಣೆಪಟ್ಟಿ. ನನ್ನ ಮನೆ ಮಾಲೀಕರಿಗೆ ಈಗ ಎಪ್ಪತ್ತು ದಾಟಿದೆ. ಏಳು ವರ್ಷದ ಹುಡುಗನಾಗಿ ಅಪ್ಪನ ಜೊತೆ ಗೋಥೆನ್‌ಬರ್ಗ್‌ಗೆ ಹೋಗಿದ್ದರಂತೆ. ಆಟದ ಮೈದಾನದಲ್ಲಿ ಅಮ್ಮನನ್ನ ಫಿನ್ನಿಷ್‌ನಲ್ಲಿ ಕರೆಯೋಕೆ ನಾಚಿಕೆಯಾಗಿ, ಹತ್ತಿರ ಓಡಿಹೋಗಿ ಸೆರಗು ಜಗ್ಗಿದ ಹಾಗೆ ಕೋಟು ಜಗ್ಗುತ್ತಿದ್ದರಂತೆ. ಇದನ್ನ ಹೇಳುವಾಗ ಅವರ ಕೈ ಇವತ್ತಿಗೂ ತನ್ನ ಕೋಟಿನ ತುದಿಗೆ ಹೋಗುತ್ತೆ.

ಅಂಥವರಿಗೆ 1995 ಅಂದ್ರೆ ಏನು ಅಂತ ಕೇಳಿ. ಐಸ್ ಹಾಕಿ ವಿಶ್ವಕಪ್ ಫೈನಲ್, ಅದೂ ಸ್ಟಾಕ್‌ಹೋಮ್‌ನಲ್ಲೇ. ಫಿನ್ಲೆಂಡ್ 4-1 ಅಂತರದಲ್ಲಿ ಸ್ವೀಡನ್ನನ್ನ ಸೋಲಿಸಿ ಮೊದಲ ಚಿನ್ನ ಗೆದ್ದಿತು. ಸ್ವೀಡನ್‌ನವರು ತಮ್ಮ ತಂಡಕ್ಕೆ ಅಂತ ಮಾಡಿಸಿಟ್ಟಿದ್ದ ಹಾಡನ್ನೇ ಫಿನ್ನರು ಹೆಲ್ಸಿಂಕಿ ಬೀದಿಯಲ್ಲಿ ಹಾಡಿದ್ರು, ಇವತ್ತಿಗೂ ಹಾಡ್ತಾರೆ. ಗೆಲ್ಲಿಸಿದ ಕೋಚ್ ಕೂರ್ಟ್ ಲಿಂಡ್‌ಸ್ಟ್ರೋಮ್ ಸ್ವೀಡನ್ನಿನವರೇ. ಅವರನ್ನ ಇಲ್ಲಿ ತಲೆ ಮೇಲೆ ಹೊತ್ತು ಮೆರೆಸಿದ್ರು.

ಟೊರೊಂಟೊ ತಿಂಡಿಪೋತ

ಕೆನಡಾದಲ್ಲೂ ಇದೇ. ‘ನಾವು ಅಮೆರಿಕದವರಲ್ಲ’ ಅನ್ನೋದೇ ಅರ್ಧ ದೇಶಪ್ರೇಮ. ಅಮೆರಿಕದವರಿಗೆ ಮಾತ್ರ ನಮ್ಮ ನೆನಪೇ ಇರಲ್ಲ.

ಓಸ್ಲೋ ಕನ್ನಡತಿ

@ಟೊರೊಂಟೊ ತಿಂಡಿಪೋತ ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀರಿ. ಚಿಕ್ಕವನು ದೊಡ್ಡವನನ್ನ ನೋಡ್ತಾ ಬೆಳೀತಾನೆ, ದೊಡ್ಡವನು ತಿರುಗಿ ನೋಡಲ್ಲ. ಸ್ವೀಡನ್ ಜನಸಂಖ್ಯೆ ಒಂದು ಕೋಟಿ ದಾಟಿದೆ, ನಮ್ಮದು ಅದರ ಅರ್ಧ ಚಿಲ್ಲರೆ. ನಾರ್ವೆಯವರು ಸ್ವೀಡನ್ನನ್ನ ‘ಸೋತಾ ಬ್ರೂರ್’, ಅಂದ್ರೆ ಮುದ್ದಿನ ಅಣ್ಣ, ಅಂತ ಕರೀತಾರೆ. ಆ ಮುದ್ದಿನೊಳಗೆ ಎಷ್ಟು ಉರಿ ಇದೆ ಅನ್ನೋದು ಇಲ್ಲಿದ್ದವರಿಗೇ ಗೊತ್ತು.

1814ರಲ್ಲಿ ಡೆನ್ಮಾರ್ಕಿನ ಕೈಯಿಂದ ತಪ್ಪಿಸಿಕೊಂಡು ಮೇ 17ಕ್ಕೆ ಸಂವಿಧಾನ ಬರೆದುಕೊಂಡ್ರು. ಅದೇ ವರ್ಷ ಸ್ವೀಡನ್ ದೊರೆಯ ಕೆಳಗೆ ಹೋಗಬೇಕಾಯ್ತು. ಬಾವುಟದ ಮೂಲೆಯಲ್ಲಿ ಎರಡೂ ದೇಶದ ಬಣ್ಣ ಸೇರಿಸಿ ಒಂದು ಗುರುತು ಹಾಕಿದ್ರೆ ಜನ ಅದಕ್ಕೆ ‘ಹೆರಿಂಗ್ ಮೀನಿನ ಸಲಾಡ್’ ಅಂತ ಹೆಸರಿಟ್ಟರು. 1905ರಲ್ಲಿ ಒಕ್ಕೂಟ ಮುರಿಯೋಕೆ ಜನಮತ ಕೇಳಿದಾಗ ಬೇಕು ಅಂದವರು 3,68,208, ಬೇಡ ಅಂದವರು 184. ನೂರ ಎಂಬತ್ತನಾಲ್ಕೇ ಜನ! ಹೆಂಗಸರಿಗೆ ಆಗ ಮತ ಇರಲಿಲ್ಲ, ಅವರು ಬೇರೆಯಾಗಿ ಎರಡು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದ್ರು.

ಮೊದಲ ಮೇ 17ಕ್ಕೆ ನನ್ನ ಮಗಳಿಗೆ ಪಕ್ಕದ ಮನೆ ಅಜ್ಜಿಯೇ ತನ್ನ ಮೊಮ್ಮಗಳ ಹಳೇ ಬುನಾಡ್, ಇಲ್ಲಿನ ಸಾಂಪ್ರದಾಯಿಕ ಉಡುಪು, ತಂದು ಉಡಿಸಿದ್ರು. ಎದೆ ಮೇಲೆ ಬೆಳ್ಳಿ ಪಿನ್ನು ಚುಚ್ಚುತ್ತಾ, “ಸ್ವೀಡನ್‌ನವರಿಗೆ ಇಂಥ ದಿನ ಇಲ್ಲ ಪಾಪ” ಅಂದ್ರು. ನನ್ನ ಮಗಳಿಗೆ ನಾರ್ವೆ ಅಂದ್ರೆ ಏನು ಅನ್ನೋದಕ್ಕೆ ಸಿಕ್ಕ ಮೊದಲ ವಿವರಣೆ ಅದು. ಸ್ವೀಡನ್ನಿನಲ್ಲಿ ಜೂನ್ 6ಕ್ಕೆ ರಜೆ ಕೊಡೋಕೆ ಶುರು ಮಾಡಿದ್ದೇ 2005ರಲ್ಲಿ, ಹಾಗಾಗಿ ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಪ್ರಶ್ನಾರ್ಥಕ

ಅಲ್ಲಿಗೆ ಬಂದ್ರಲ್ಲ. ಪೂರ್ತಿ ಸುಳ್ಳಲ್ಲ! ಬೆಂಕಿ ಇಲ್ಲದೆ ಹೊಗೆ ಆಡಲ್ಲ. ಸ್ವೀಡನ್ನಿನಲ್ಲಿ ಮದ್ಯದಂಗಡಿ ಸರ್ಕಾರದ್ದೇ, ಭಾನುವಾರ ಬಾಗಿಲು ಹಾಕಿರುತ್ತೆ. ಡೇನರು ಬೀದಿ ಬೆಂಚಿನ ಮೇಲೇ ಬಿಯರ್ ಕುಡೀತಾರೆ. ಕಣ್ಣಿಗೆ ಕಾಣೋದನ್ನ ಹೇಳಿದ್ರೆ ಅದು ಹಣೆಪಟ್ಟಿ ಹೇಗಾಗುತ್ತೆ?

ಕೋಪನ್‌ಹೇಗನ್ ಸೈಕಲ್

ಕಣ್ಣಿಗೆ ಕಾಣೋದು ಸಾವಿರ ಇರುತ್ತೆ. ಅದರಲ್ಲಿ ಯಾವುದನ್ನ ಆರಿಸ್ತೀವಿ ಅನ್ನೋದೇ ವಿಷಯ.

ಸ್ವೀಡನ್‌ನವರು ಡೆನ್ಮಾರ್ಕಿನಲ್ಲಿ ಕುಡುಕರು, ಗೊತ್ತಾ? ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್‌ನಿಂದ ಡೆನ್ಮಾರ್ಕಿನ ಹೆಲ್ಸಿಂಗೋರ್‌ಗೆ ಹಡಗಲ್ಲಿ ಇಪ್ಪತ್ತು ನಿಮಿಷ. ಅಗ್ಗದ ಬಿಯರ್‌ಗೆ ಅಂತ ಸ್ವೀಡನ್‌ನವರು ಇಳಿಯದೆ ಹೋಗಿ ಬಂದು, ಹೋಗಿ ಬಂದು ಮಾಡ್ತಿದ್ರು, ಅದಕ್ಕೆ ‘ತೂರಾ’ ಅಂತ ಒಂದು ಕ್ರಿಯಾಪದವೇ ಇದೆ. “ಡೆನ್ಮಾರ್ಕನ್ನ ಸ್ವಚ್ಛವಾಗಿಡಿ, ಒಬ್ಬ ಸ್ವೀಡನ್‌ನವನನ್ನ ಹಡಗಿನ ತನಕ ಬಿಟ್ಟು ಬನ್ನಿ” ಅಂತ ಡೇನರು ಹೇಳ್ತಿದ್ರು. ಅಂದ್ರೆ ಒಂದೇ ಬಾಯಲ್ಲಿ ‘ಅವರು ಮಡಿವಂತರು, ಎಲ್ಲಕ್ಕೂ ನಿಷೇಧ’, ಅದೇ ಬಾಯಲ್ಲಿ ‘ಅವರು ಕುಡಿದು ಬಿದ್ದಿರ್ತಾರೆ’. ಎರಡೂ ನಿಜ ಅನ್ನೋದಾದ್ರೆ, ಎರಡರಿಂದಲೂ ಬರೋ ತೀರ್ಮಾನ ಒಂದೇ: ಕುಡಿಯೋದು, ಬದುಕೋದು ಹೇಗೆ ಅಂತ ಡೇನರಿಗೆ ಮಾತ್ರ ಗೊತ್ತು. ಹ್ಯೂಗ್ಗೆ ಅಂತ ಈಗ ಪ್ರಪಂಚಕ್ಕೆಲ್ಲ ಮಾರ್ತಾರಲ್ಲ, ಬೆಚ್ಚಗೆ ಕೂತು ನಾಲ್ಕು ಜನ ನಗೋದು, ಆ ಚಿತ್ರ ಪೂರ್ಣ ಆಗೋಕೆ ಕಿಟಕಿಯಾಚೆ ಒಬ್ಬ ಬಿಗಿದುಕೊಂಡ ಸ್ವೀಡನ್‌ನವನು ಬೇಕು.

ಇದು ತಮಾಷೆಯ ಭಾಗ. ತಮಾಷೆ ಅಲ್ಲದ ಭಾಗವೂ ಇದೆ. ಎರಡು ದಶಕದಿಂದ ಇಲ್ಲಿನ ರಾಜಕೀಯದಲ್ಲಿ ‘ಸ್ವೀಡನ್ನಿನಂಥ ಪರಿಸ್ಥಿತಿ’ ಅನ್ನೋದೊಂದು ಸಿದ್ಧ ಮಾತು. ವಲಸಿಗರನ್ನ ಬಿಟ್ಟುಕೊಂಡು ಹಾಳಾದರು, ಗುಂಡಿನ ಚಕಮಕಿ, ಗ್ಯಾಂಗುಗಳು, ನಮಗೆ ಹಾಗಾಗಬಾರದು ಅಂತ. ಸ್ವೀಡನ್ನಿನಲ್ಲಿ ಬಹಳ ಕಾಲ ಇದರ ಕನ್ನಡಿ ಬಿಂಬ ಇತ್ತು: ಡೇನರು ಹೊರಗಿನವರನ್ನ ಕಂಡ್ರೆ ಆಗದವರು, ನಾವು ದೊಡ್ಡ ಮನಸ್ಸಿನವರು. ಎರಡು ದೇಶವೂ ತಮ್ಮ ಒಳ್ಳೆಯತನ ಅಳೆಯೋಕೆ ಪಕ್ಕದವರನ್ನ ಅಳತೆಗೋಲು ಮಾಡಿಕೊಂಡಿವೆ, ಅಳೆಸಿಕೊಳ್ತಾ ಇರೋದು ನಮ್ಮಂಥ ಹೊರಗಿಂದ ಬಂದವರು. ರೈಲಲ್ಲಿ ನನ್ನ ಪಕ್ಕದ ಸೀಟು ಕೊನೆಯಲ್ಲಿ ತುಂಬುತ್ತೆ, ಎರಡೂ ದೇಶದಲ್ಲಿ.

ಮಾಲ್ಮೋ_ಮಲ್ನಾಡು

ನಿಮ್ಮ ಕೊನೆಯ ಸಾಲು ಓದಿ ಸುಮ್ಮನಾದೆ. ಜನವರಿ 2016ರಿಂದ ಡೆನ್ಮಾರ್ಕಿನಿಂದ ಸ್ವೀಡನ್‌ಗೆ ಬರೋ ರೈಲಿಗೆ ಗುರುತಿನ ಚೀಟಿ ತಪಾಸಣೆ ಶುರುವಾಯ್ತಲ್ಲ, ಒಂದು ವರ್ಷದ ಮೇಲೆ ನಡೀತು. ನಾನು ಆಗ ಬಂದಿರಲಿಲ್ಲ. ಮೊದಲಿನಿಂದ ಓಡಾಡ್ತಿರೋ ಗೆಳೆಯನೊಬ್ಬ ಹೇಳ್ತಾನೆ: 2000ದ ಜುಲೈನಲ್ಲಿ ಸೇತುವೆ ತೆರೆದಾಗ ‘ಇನ್ನು ಎರಡು ದಡ ಒಂದೇ ಊರು’ ಅಂತ ಎಲ್ಲರೂ ಮಾತಾಡಿದ್ರಂತೆ. 2016ರ ಆ ಚಳಿಗಾಲ ಕಾಸ್ಟ್ರುಪ್‌ನಲ್ಲಿ, ಅಂದ್ರೆ ಕೋಪನ್‌ಹೇಗನ್ ವಿಮಾನ ನಿಲ್ದಾಣದ ರೈಲು ಪ್ಲಾಟ್‌ಫಾರ್ಮಿನಲ್ಲಿ, ಬೇಲಿ ಹಾಕಿ, ಸಾಲಿನಲ್ಲಿ ನಿಲ್ಲಿಸಿದಾಗ ಇಬ್ಬರೂ ದೇಶದವರು ಒಬ್ಬರನ್ನೊಬ್ಬರು ಬೈದುಕೊಳ್ಳೋದು ಮತ್ತೆ ಶುರುವಾಯ್ತಂತೆ. 2020ರಲ್ಲಿ ಕೊರೋನಾ ಬಂದಾಗಲಂತೂ ನಾನೇ ನೋಡಿದೆ. ಜೂನ್‌ನಲ್ಲಿ ಡೆನ್ಮಾರ್ಕೂ ನಾರ್ವೆಯೂ ಪರಸ್ಪರ ಗಡಿ ತೆರೆದುಕೊಂಡವು, ಸ್ವೀಡನ್ನನ್ನ ಹೊರಗಿಟ್ಟು. ಇಲ್ಲಿನ ಜನಕ್ಕೆ ಎಷ್ಟು ಅವಮಾನ ಆಯ್ತು ಅಂದ್ರೆ, ಯಾವತ್ತೂ ರಾಜಕೀಯ ಮಾತಾಡದ ನಮ್ಮ ಮೇಲ್ಮನೆಯವರು ಮೆಟ್ಟಿಲ ಮೇಲೆ ನಿಲ್ಲಿಸಿ ಹತ್ತು ನಿಮಿಷ ಗೋಳು ಹೇಳಿಕೊಂಡ್ರು.

ಓಸ್ಲೋ ಕನ್ನಡತಿ

ಆ ಗಡಿ ಮುಚ್ಚಿದಾಗ ಇಲ್ಲಿನವರ ದೊಡ್ಡ ಕೊರಗು ಬೇಕನ್ ಸಿಗಲ್ಲ ಅನ್ನೋದು! ಸ್ವೀನೆಸುಂಡ್ ಸೇತುವೆ ದಾಟಿ ಸ್ವೀಡನ್ನಿನಲ್ಲಿ ಅಗ್ಗದ ಮಾಂಸ, ಕೋಲಾ ಡಬ್ಬಿ ತುಂಬಿಕೊಂಡು ಬರೋದಕ್ಕೆ ‘ಹ್ಯಾರಿ ಪ್ರವಾಸ’ ಅಂತ ಹೆಸರು. ಹ್ಯಾರಿ ಅಂದ್ರೆ ಕೀಳು ಅಭಿರುಚಿ. ಎಲ್ಲರೂ ಹೋಗ್ತಾರೆ.

ಒಂದು ಗಂಭೀರ ಮಾತು ಸೇರಿಸ್ತೀನಿ. ಹಿರಿಯರು ಸ್ವೀಡನ್ ಬಗ್ಗೆ ಮಾತಾಡುವಾಗ ಜೋಕು ನಿಲ್ಲೋ ಜಾಗ ಒಂದಿದೆ. ಏಪ್ರಿಲ್ 9, 1940ಕ್ಕೆ ಜರ್ಮನಿ ನಾರ್ವೆಯನ್ನೂ ಡೆನ್ಮಾರ್ಕನ್ನೂ ಆಕ್ರಮಿಸಿತು. ಸ್ವೀಡನ್ ತಟಸ್ಥ ಅಂತ ಉಳಿದು, 1943ರ ತನಕ ಜರ್ಮನ್ ಸೈನಿಕರು ತನ್ನ ರೈಲಲ್ಲಿ ಓಡಾಡೋಕೆ ಬಿಟ್ಟಿತು. ಪಕ್ಕದ ಮನೆ ಅಜ್ಜಿಯ ಅಪ್ಪ ಸೆರೆಯಲ್ಲಿದ್ದವರು. ಅಜ್ಜಿ ಏಣಿ ಜೋಕು ನಗುತ್ತಾ ಹೇಳ್ತಾರೆ, ರೈಲಿನ ಮಾತು ಬಂದ್ರೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗ್ತಾರೆ.

ಹಳೇ ಮೇಷ್ಟ್ರು

ಅಮ್ಮಾ, ಅದರ ಜೊತೆಗೆ ಇದನ್ನೂ ಹೇಳಬೇಕು. ಅದೇ ಯುದ್ಧದಲ್ಲಿ ಸುಮಾರು ಐವತ್ತು ಸಾವಿರ ನಾರ್ವೆಯವರಿಗೆ ಸ್ವೀಡನ್ ಆಶ್ರಯ ಕೊಟ್ಟಿತು. ಅಕ್ಟೋಬರ್ 1943ರಲ್ಲಿ ಡೆನ್ಮಾರ್ಕಿನ ಸುಮಾರು ಏಳು ಸಾವಿರ ಯಹೂದಿಗಳನ್ನು ಡೇನಿಷ್ ಜನರು ಮೀನುದೋಣಿಗಳಲ್ಲಿ ಕೂರಿಸಿ ರಾತ್ರೋರಾತ್ರಿ ಸ್ವೀಡನ್ನಿಗೆ ದಾಟಿಸಿದರು. ಯಾವ ನೀರಿನ ಮೇಲೆ? ಓರೆಸುಂಡ್ ಜಲಸಂಧಿ, ಮಾಲ್ಮೋದವರು ದಿನಾ ದಾಟುವ ಅದೇ ನೀರು. ಆ ರೈಲನ್ನೂ ಈ ದೋಣಿಯನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಹಣೆಪಟ್ಟಿಗೆ ಸಾಧ್ಯವಾಗುವುದಿಲ್ಲ. ಅದಕ್ಕೆ ಒಂದೇ ಬಣ್ಣ ಬೇಕು.

ಪ್ರಶ್ನಾರ್ಥಕರಿಗೆ: ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಥ್ 1969ರಲ್ಲಿ ಒಂದು ವಾದ ಮುಂದಿಟ್ಟರು. ಒಂದು ಜನಾಂಗದ ಗುರುತು ಅದರೊಳಗಿನ ಊಟ, ಉಡುಗೆ, ಪದ್ಧತಿಗಳ ಮೊತ್ತವಲ್ಲ, ಗಡಿಯನ್ನು ಕಾಯ್ದುಕೊಳ್ಳುವ ಕೆಲಸದಿಂದ ಅದು ಉಳಿಯುತ್ತದೆ ಎಂದು. ಒಳಗಿನದೆಲ್ಲ ಬದಲಾದರೂ ಗಡಿ ನಿಲ್ಲುತ್ತದೆ. ಇದನ್ನು ಅವರು ಕಂಡುಕೊಂಡಿದ್ದರಲ್ಲಿ ನಮ್ಮ ನೆರೆಯ ಪಾಕಿಸ್ತಾನದ ಸ್ವಾತ್ ಕಣಿವೆಯ ಪಠಾಣರ ನಡುವೆ ಮಾಡಿದ ಅಧ್ಯಯನಕ್ಕೂ ಪಾಲಿದೆ. ನೀವು ಒಗ್ಗರಣೆ ಎಂದಿರಿ. ಗಡಿಯ ಕಾವಲಿಗೆ ಜೋಕಿಗಿಂತ ಅಗ್ಗದ ಕಾವಲುಗಾರ ಯಾರಿದ್ದಾರೆ?

ಕಡಲ ಹಕ್ಕಿ

ಪಠಾಣರ ಮಾತು ಬಂತಲ್ಲ, ಹೇಳ್ತೇನೆ. ನಾನು ಮಂಗಳೂರಿನವ. ದುಬೈಯಲ್ಲಿ ಹನ್ನೊಂದು ವರ್ಷ ಇದ್ದದ್ದು. ಮೊದಲ ಎರಡು ವರ್ಷ ಒಂದೇ ರೂಮಿನಲ್ಲಿ ಆರು ಜನ, ನನ್ನ ಮೇಲಿನ ಮಂಚದಲ್ಲಿ ಸಿಯಾಲ್‌ಕೋಟಿನ ಒಬ್ಬ ಟೈಲ್ಸ್ ಕೆಲಸದವ. ನನಗೆ ಮೊದಲ ವಾರ ನಿದ್ದೆ ಬರ್ಲಿಲ್ಲ ಮಾರಾಯ್ರೆ. ಪಾಕಿಸ್ತಾನಿ ಅಂದ್ರೆ ಏನು ಅಂತ ಟಿವಿಯಲ್ಲಿ ನೋಡಿದ್ದು ಮಾತ್ರ ತಲೆಯಲ್ಲಿ ಇದ್ದದ್ದು. ಅವನೂ ಪರ್ಸು ತಲೆದಿಂಬಿನ ಅಡಿ ಇಟ್ಟುಕೊಂಡು ಮಲಗ್ತಿದ್ದ, ಹಿಂದೂಸ್ತಾನದವರು ಲೆಕ್ಕದಲ್ಲಿ ಮೋಸ ಮಾಡುವವರು ಅಂತ ಅವನ ಶಾಲೆಯಲ್ಲಿ ಕೇಳಿದ್ದನಂತೆ.

ನಾನು ಮೀನು ಪದಾರ್ಥ ಮಾಡಿದ ದಿನ ಅವನಿಗೆ ಆಶ್ಚರ್ಯ. “ನೀವೆಲ್ಲ ಬರೀ ಬೇಳೆ ತಿನ್ನುವವರಲ್ವಾ?” ಅಂತ. ನನಗೆ ಹಿಂದಿ ಸರಿ ಬರುವುದಿಲ್ಲ ಅಂ‍ದದ್ದಕ್ಕೆ ಇನ್ನೂ ಆಶ್ಚರ್ಯ. ಅವನಿಗೆ ಇಂಡಿಯಾ ಅಂದ್ರೆ ಒಂದೇ ಮುಖ, ನನಗೆ ಅವನ ದೇಶವೂ ಹಾಗೆಯೇ. ಅವನ ಮನೆಮಾತು ಪಂಜಾಬಿ, ಉರ್ದು ಶಾಲೆಯಲ್ಲಿ ಕಲಿತದ್ದು ಅಂತ ನನಗೆ ಗೊತ್ತೇ ಇರ್ಲಿಲ್ಲ. ವಾಘಾ ಗಡಿಯಲ್ಲಿ ಸಂಜೆ ಇಬ್ಬರೂ ಕಾಲೆತ್ತಿ ಬಡಿಯುವುದು ಉಂಟಲ್ಲ, ಅದನ್ನು ಒಮ್ಮೆ ಮೊಬೈಲಿನಲ್ಲಿ ಒಟ್ಟಿಗೆ ನೋಡಿದ್ದು. ಅವನು ಅಂದ, “ಬಟ್ಟೆಯ ಬಣ್ಣ ತೆಗೆದ್ರೆ ಯಾರು ಯಾರ ಕಡೆ ಅಂತ ಅವರ ಅಮ್ಮನಿಗೂ ಗೊತ್ತಾಗ್ಲಿಕ್ಕಿಲ್ಲ.” ನನ್ನ ಅಪ್ಪ ತೀರಿಕೊಂಡಾಗ ಟಿಕೆಟಿಗೆ ಮೊದಲು ದುಡ್ಡು ತೆಗೆದುಕೊಟ್ಟದ್ದು ಅವನೇ. ಅದೇ ತಲೆದಿಂಬಿನ ಅಡಿಯ ಪರ್ಸಿನಿಂದ.

ಊರಿಗೆ ಬಂದು ಇದನ್ನು ಹೇಳಿದ್ರೆ ಜನ ನಂಬುವುದಿಲ್ಲ. “ಅವ ಒಬ್ಬ ಬೇರೆ ಇರಬಹುದು” ಅಂತಾರೆ. ಹಣೆಪಟ್ಟಿ ಹರಿಯುವುದಿಲ್ಲ, ಆ ಒಬ್ಬನನ್ನು ಮಾತ್ರ ಲೆಕ್ಕದಿಂದ ಹೊರಗೆ ಇಡ್ತಾರೆ.

ಹುಬ್ಬಳ್ಳಿ ಹುಡುಗ

ಕಡಲ ಹಕ್ಕಿ ಅಣ್ಣಾರ, ಕಣ್ಣಾಗ ನೀರ ಬಂತ್ರಿ.

ಪ್ರಶ್ನಾರ್ಥಕ

ಸರಿ, ಒಂದು ಹೆಜ್ಜೆ ಹಿಂದೆ ಬರ್ತೀನಿ. ಫ್ರೆಂಚರು ಬೆಲ್ಜಿಯಂನವರ ಮೇಲೆ, ಇಂಗ್ಲಿಷರು ಐರಿಷರ ಮೇಲೆ, ಬ್ರೆಜಿಲ್‌ನವರು ಪೋರ್ಚುಗೀಸರ ಮೇಲೆ ಪೆದ್ದರ ಜೋಕು ಹೇಳ್ತಾರೆ. ಎಲ್ಲ ಕಡೆ ಗುರಿ ಒಂದೇ ಥರ: ನಮ್ಮ ಭಾಷೆಯನ್ನೇ ಸ್ವಲ್ಪ ಬೇರೆ ಥರ ಆಡೋ ಹತ್ತಿರದವನು. ದೂರದ ಜಪಾನಿನವನ ಮೇಲೆ ಇವರು ಏಣಿ ಜೋಕು ಹೇಳಲ್ಲ. ಅಷ್ಟರ ಮಟ್ಟಿಗೆ ಮೇಷ್ಟ್ರ ಮಾತು ಒಪ್ಪಿದೆ. ಆದರೆ ಸ್ವೀಡನ್ 1814ರಿಂದ ಯಾರ ಮೇಲೂ ಯುದ್ಧಕ್ಕೆ ಹೋಗಿಲ್ಲ, ಅದಕ್ಕೂ ಮುಂಚೆ ಡೆನ್ಮಾರ್ಕ್ ಜೊತೆ ಶತಮಾನಗಟ್ಟಲೆ ಕಡಿದಾಡಿದ್ರು. ಕತ್ತಿ ಕೆಳಗಿಟ್ಟವರ ಕೈಗೆ ಜೋಕು ಬಂದಿದ್ರೆ ನನ್ನ ಅಭ್ಯಂತರ ಇಲ್ಲ. ವಾಘಾದ ಕಥೆಗೂ ಏಣಿ ಕಥೆಗೂ ಇರೋ ವ್ಯತ್ಯಾಸ ಅದೇ. ಅಲ್ಲಿ ಕತ್ತಿ ಇನ್ನೂ ಕೈಯಲ್ಲೇ ಇದೆ.

ಕೋಪನ್‌ಹೇಗನ್ ಸೈಕಲ್

ಇದನ್ನ ನಾನೂ ಒಪ್ತೀನಿ. ಜೋಕು ಇಬ್ಬರೂ ಹೇಳಬಹುದಾದಾಗ ಜೋಕು. ಒಬ್ಬನೇ ಹೇಳಿ ಇನ್ನೊಬ್ಬ ಕೋಟು ಜಗ್ಗೋ ಹಾಗಾದ್ರೆ ಅದು ಬೇರೆ.

ಬೆಳ್ಳುಳ್ಳಿ ಒಗ್ಗರಣೆ

ಸಂಬಂಧ ಇಲ್ಲದ ಪ್ರಶ್ನೆ, ಕ್ಷಮಿಸಿ. ಮಾಲ್ಮೋದಲ್ಲಿ ಸೋನಾ ಮಸೂರಿ ಎಲ್ಲಿ ಸಿಗುತ್ತೆ? ಮುಂದಿನ ತಿಂಗಳು ತಂಗಿ ಬರ್ತಿದಾಳೆ.

ಮಾಲ್ಮೋ_ಮಲ್ನಾಡು

@ಬೆಳ್ಳುಳ್ಳಿ ಒಗ್ಗರಣೆ, ಮೆಲ್ಲೆವಾಂಗ್ ಚೌಕದ ಸುತ್ತ ಏಷ್ಯದ ಅಂಗಡಿಗಳಿವೆ, ಅಲ್ಲಿ ವಿಚಾರಿಸಿ. ಸಿಗದಿದ್ರೆ ನನಗೆ ಮೆಸೇಜ್ ಮಾಡಿ, ಮನೆಯಲ್ಲಿ ಚೀಲ ಇದೆ.

ಎಲ್ಲರಿಗೂ: ಮಗನ ಕ್ಲಾಸಿನಲ್ಲಿ ಒಬ್ಬ ಹುಡುಗನ ಅಮ್ಮ ನಾರ್ವೆಯ ಬರ್ಗೆನ್‌ನವರಂತೆ. ಜೋಕು ಹೇಳಿದ ದಿನ ಅವನಿಗೆ ಹೇಗನಿಸಿತು ಅಂತ ಕೇಳಿದೆ. “ಅವನೇ ಅಪ್ಪಾ ನನಗೆ ಹೇಳಿಕೊಟ್ಟಿದ್ದು. ಮನೆಯಲ್ಲಿ ಅವನ ಅಮ್ಮ ಅದನ್ನ ಸ್ವೀಡನ್ ಅಂತ ಹೇಳ್ತಾರಂತೆ, ಶಾಲೆಗೆ ಬರುವಾಗ ಅವನು ನಾರ್ವೆ ಅಂತ ಬದಲಾಯಿಸ್ತಾನೆ” ಅಂದ. ಆ ಹುಡುಗ ಯಾಕೆ ಬದಲಾಯಿಸ್ತಾನೆ ಅನ್ನೋದನ್ನ ನನ್ನ ಮಗ ಯೋಚನೆ ಮಾಡಿಲ್ಲ. ನಾನು ನಿನ್ನೆ ರಾತ್ರಿಯಿಂದ ಅದನ್ನೇ ಯೋಚಿಸ್ತಾ ಇದೀನಿ. ಶನಿವಾರ ಇಬ್ಬರನ್ನೂ ಮನೆಗೆ ಕರೆದಿದೀನಿ, ದೋಸೆ ಮಾಡ್ತೀವಿ.

ಓಸ್ಲೋ ಕನ್ನಡತಿಯವರು ಬರೆದ ಬಾಳೆಹಣ್ಣು ಸುಲಿಯೋ ಕಥೆಯನ್ನೂ ಮಗನಿಗೆ ಹೇಳಿದೆ. ಸ್ವೀಡನ್‌ನವರು ನಾರ್ವೆಗೆ ಹೋಗಿ ಕೂಲಿ ಮಾಡಿದ್ರು ಅಂದ್ರೆ ನಂಬಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಕೇಳಿದ: “ಒಂದು ಹಣ್ಣಿಗೆ ಎಷ್ಟು ಕೊಡ್ತಿದ್ರು?”